ಅಪ್ಪನ ಅರ್ಧ ಲೋಟ ಕಾಫಿ: ಸಪ್ಲೈಯರ್‌ಗೆ ನೂರು ಕೊಟ್ಟಿದ್ದು ತಪ್ಪಾಯ್ತಾ?

ಅರ್ಧಲೋಟ:

ನಮ್ಮಪ್ಪನಿಗೆ 74 ವರ್ಷ. ಎರಡು ವರ್ಷದಿಂದ ಬಲಗೈ ನಡುಗುತ್ತದೆ, ಪಾರ್ಕಿನ್‌ಸನ್ ಅಂತ ಡಾಕ್ಟರ್ ಹೇಳಿದ್ದಾರೆ. ಮನೆಯಲ್ಲಿ ಹೇಗೋ ನಡೆಯುತ್ತದೆ. ಆದರೆ ಒಂದು ಮದುವೆ ಊಟದಲ್ಲಿ ಪಕ್ಕದವರ ರೇಷ್ಮೆ ಪಂಚೆ ಮೇಲೆ ಸಾರು ಚೆಲ್ಲಿತು. ಅವತ್ತಿಂದ ಹೊರಗೆ ತಿನ್ನುವುದನ್ನೇ ಬಿಟ್ಟರು. ವಾರಕ್ಕೆ ಮೂರು ಸಲ ಗೆಳೆಯರ ಜೊತೆ ಹೋಟೆಲ್‌ಗೆ ಹೋಗಿ ಬೈಟು ಕಾಫಿ ಕುಡಿದು, ರಾಜಕೀಯ ಮಾತಾಡಿ, ಜಗಳ ಆಡಿ ಬರುತ್ತಿದ್ದ ಮನುಷ್ಯ ಅವರು.

ಎರಡು ತಿಂಗಳ ಹಿಂದೆ ಬಲವಂತ ಮಾಡಿ ಕರೆದುಕೊಂಡು ಹೋದೆ. ಬಸವನಗುಡಿ ಕಡೆ ಒಂದು ಹಳೇ ಹೋಟೆಲ್, ಕೂತು ತಿನ್ನುವಂಥದ್ದು. ಕಾಫಿ ಬಂತು. ಅಪ್ಪ ಲೋಟ ಎತ್ತಿದ ತಕ್ಷಣ ಅದು ಡಬರಾಕ್ಕೆ ತಾಗಿ ಟಕಟಕಟಕ ಅಂತ ಸದ್ದು. ಎದುರು ಟೇಬಲ್‌ನವರು ತಿರುಗಿ ನೋಡಿದರು. ಅಪ್ಪ ಲೋಟ ಕೆಳಗಿಟ್ಟು "ಬಿಸಿ ಇದೆ, ಆಮೇಲೆ ಕುಡೀತೀನಿ" ಅಂದರು. ನಾನು ತಲೆ ತಗ್ಗಿಸಿ ಇಡ್ಲಿ ಮುರಿಯುತ್ತಾ ಕೂತೆ.

ಆ ಕಡೆ ಹೋಗುತ್ತಿದ್ದ ಸಪ್ಲೈಯರ್, ಐವತ್ತರ ಆಸುಪಾಸಿನವರು, ಏನೂ ಹೇಳದೆ ಕಾಫಿ ಎತ್ತಿಕೊಂಡು ಹೋದರು. ತಣ್ಣಗಾಗಿದೆ ಅಂದುಕೊಂಡರೇನೋ ಅಂತ ನಾನು ಸುಮ್ನಿದ್ದೆ. ವಾಪಸ್ ಬಂದಾಗ ನೀರು ಕೊಡುವ ದೊಡ್ಡ ಸ್ಟೀಲ್ ಲೋಟದಲ್ಲಿ ಅರ್ಧಕ್ಕೆ ಕಾಫಿ. ಡಬರಾ ಇಲ್ಲ. ಮೇಲಿನ ಅರ್ಧ ಖಾಲಿ, ಹಾಗಾಗಿ ಹಿಡಿದರೆ ಬಿಸಿ ಕೂಡ ತಾಗುವುದಿಲ್ಲ. ಇಟ್ಟು ಹೋಗಿಯೇಬಿಟ್ಟರು, ನಮ್ಮ ಮುಖ ಕೂಡ ನೋಡಲಿಲ್ಲ. ಅಪ್ಪ ಎರಡೂ ಕೈಯಲ್ಲಿ ಹಿಡಿದು ಕುಡಿದರು. ಒಂದು ಹನಿ ಚೆಲ್ಲಲಿಲ್ಲ.

ಮುಂದಿನ ವಾರ ಅಪ್ಪನೇ "ಹೋಗೋಣ್ವಾ" ಅಂದರು. ಅವತ್ತು ದೋಸೆ ಹೇಳಿದೆವು. ಒಳಗೇ ನಾಲ್ಕು ತುಂಡು ಮಾಡಿಸಿಕೊಂಡು ತಂದರು. ನಾವು ಕೇಳಿರಲಿಲ್ಲ.

ಮೂರನೇ ಸಲ ಬಿಲ್ ತಟ್ಟೆಯಲ್ಲಿ ನೂರರ ನೋಟು ಜಾಸ್ತಿ ಇಟ್ಟೆ. ಅವರು ಬಾಗಿಲ ತನಕ ಹಿಂದೆ ಬಂದು ವಾಪಸ್ ಕೊಟ್ಟರು. "ಬೇಡಮ್ಮ, ಅಪ್ಪಾವ್ರನ್ನ ಕರ್ಕೊಂಡ್ ಬರ್ತಾ ಇರಿ" ಅಂದರು ಅಷ್ಟೇ. ಮನೆಗೆ ಬಂದ ಮೇಲೂ ಕಸಿವಿಸಿ. ಹಣ ಕೊಟ್ಟು ಏನೋ ಹಾಳು ಮಾಡಿದೆ ಅನ್ನಿಸುತ್ತಿದೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಚಿಲ್ಲರೆರಾಯ:

ತಪ್ಪೇನಿಲ್ಲ. ಆದರೆ ಅವತ್ತೇ ಕೊಟ್ಟರೆ ಲೋಟಕ್ಕೆ ರೇಟು ಕಟ್ಟಿದ ಹಾಗಾಗುತ್ತದೆ. ಆಯುಧಪೂಜೆಗೋ ದೀಪಾವಳಿಗೋ ಕೊಡಿ, "ಹಬ್ಬಕ್ಕೆ" ಅಂತ ಹೇಳಿ. ಯಾರೂ ಬೇಡ ಅನ್ನಲ್ಲ.

ಮಾಜಿಮಾಣಿ:

ಅಕ್ಕಾ, ನೀವು ಏನೂ ಹಾಳು ಮಾಡಿಲ್ಲ. ಇದಕ್ಕೆ ಉತ್ತರ ಕೊಡಲು ನನಗಿಂತ ಹಕ್ಕುದಾರರು ಇಲ್ಲಿ ಯಾರೂ ಇರಲಿಕ್ಕಿಲ್ಲ, ಯಾಕಂದರೆ ನಾನು 11 ವರ್ಷ ಇದೇ ಕೆಲಸ ಮಾಡಿದವನು.

ನಮ್ಮದು ಕುಂದಾಪುರದ ಹತ್ತಿರ ಒಂದು ಹಳ್ಳಿ. ಏಳನೇ ಕ್ಲಾಸ್ ಮುಗಿಸಿ ಬೆಂಗಳೂರಿನ ಬಸ್ ಹತ್ತಿದೆ. ಆಗ ಅದು ಮಾಮೂಲು, ನಮ್ಮ ಕಡೆ ಪ್ರತಿ ಮನೆಯಿಂದಲೂ ಒಬ್ಬ ಹೋಟೆಲ್‌ನಲ್ಲಿ ಇರುತ್ತಿದ್ದ. (14ರ ಒಳಗಿನ ಮಕ್ಕಳನ್ನು ಹೋಟೆಲ್, ಧಾಬಾಗಳಲ್ಲಿ ಇಟ್ಟುಕೊಳ್ಳುವಂತಿಲ್ಲ ಅಂತ ಆದೇಶ ಜಾರಿಗೆ ಬಂದಿದ್ದು 2006ರ ಅಕ್ಟೋಬರ್‌ನಲ್ಲಿ. ನನಗೆ ಅದು ತುಂಬ ತಡವಾಯಿತು.) ಮೊದಲು ಕ್ಲೀನರ್. ಅಂದರೆ ಬಕೆಟ್, ಒದ್ದೆ ಬಟ್ಟೆ, ಎಂಜಲು ತಟ್ಟೆ. ಎರಡು ವರ್ಷದ ಮೇಲೆ ಸಪ್ಲೈಗೆ ಹಾಕಿದರು. ಅವತ್ತು ರಾತ್ರಿ ಖುಷಿಯಲ್ಲಿ ನಿದ್ದೆ ಬರಲಿಲ್ಲ, ನಗಬೇಡಿ.

ಸಪ್ಲೈ ಮಾಡುವವನು ಮನುಷ್ಯರ ಕೈ ನೋಡುತ್ತಾನೆ, ಮುಖ ಅಲ್ಲ. ಕೈ ಎತ್ತಿದರೆ ಏನೋ ಬೇಕು. ಕೈ ತಟ್ಟೆಯಿಂದ ದೂರ ಹೋದರೆ ಊಟ ಸೇರಿಲ್ಲ. ಕೈ ಜೇಬಿನ ಮೇಲೆ ಇದ್ದರೆ ದುಡ್ಡು ಸಾಕಾಗುತ್ತದೋ ಇಲ್ಲವೋ ಅಂತ ಲೆಕ್ಕ ಹಾಕುತ್ತಿದ್ದಾನೆ, ಅವನಿಗೆ ಸ್ಪೆಷಲ್ ಏನಿದೆ ಅಂತ ಹೇಳಲೇಬಾರದು, ಸುಮ್ನೆ ಒಂದು ಪ್ಲೇಟ್ ಇಡ್ಲಿ ಕೊಟ್ಟು ಸಾಂಬಾರ್ ಎರಡು ಸಲ ಹಾಕಬೇಕು. ನಿಮ್ಮ ತಂದೆಯವರ ಕೈ ಅವರಿಗೆ ಕಂಡಿದ್ದು ಹಾಗೆ. ಅದು ನಮ್ಮ ಕಸುಬು. ಕೆಲವನ್ನು ನಮ್ಮ ಖುಷಿಗೆ ಮಾಡುತ್ತೇವೆ, ಅದಕ್ಕೆ ದುಡ್ಡು ತಗೊಂಡರೆ ಖುಷಿ ಹೋಗುತ್ತದೆ. ವಾಪಸ್ ಕೊಟ್ಟಿದ್ದು ಕೋಪಕ್ಕಲ್ಲ.

ಈಗ ಗಿರಾಕಿಗಳ ಕಡೆಯಿಂದ ಒಂದು ಹೇಳುತ್ತೇನೆ. ಒಬ್ಬರು ಬ್ಯಾಂಕ್‌ನವರು ದಿನಾ ಮಧ್ಯಾಹ್ನ ಮೂರೂವರೆಗೆ ಕಾಫಿಗೆ ಬರುತ್ತಿದ್ದರು. ನಮ್ಮ ಊಟ ಆಗುವುದೇ ಆ ಹೊತ್ತಿಗೆ. ಕೂತ ತಕ್ಷಣ ಅವರ ಮೊದಲ ಮಾತು "ಊಟ ಆಯ್ತಾ?". ಆಗಿಲ್ಲ ಅಂದರೆ "ಹೋಗಿ ಮಾಡ್ಕೊಂಡ್ ಬಾ, ನಂಗೆ ಅರ್ಜೆಂಟಿಲ್ಲ" ಅಂತ ಪೇಪರ್ ಬಿಡಿಸುತ್ತಿದ್ದರು. ತಿಂಗಳ ಮೊದಲ ವಾರ ನನ್ನ ಮನಿಯಾರ್ಡರ್ ಫಾರಂ ತುಂಬಿಕೊಡುತ್ತಿದ್ದರು. ಅದರ ಕೆಳಗೆ ಎರಡು ಸಾಲು ಬರೆಯಲು ಜಾಗ ಇರುತ್ತಿತ್ತು, ಹಳಬರಿಗೆ ನೆನಪಿರಬಹುದು. "ಅಮ್ಮನಿಗೆ ಏನು ಬರೀಲಿ?" ಅಂತ ಕೇಳೋರು. ನಾನು "ಚೆನ್ನಾಗಿದ್ದೇನೆ" ಅಂತಿದ್ದೆ. ಪ್ರತಿ ತಿಂಗಳೂ ಅದೇ. ಒಂದು ಸಲ ಅವರು ಪೆನ್ ಕೆಳಗಿಟ್ಟು "ಏನೋ, ಬೇರೆ ಏನೂ ಆಗ್ಲೇ ಇಲ್ವಾ ಈ ತಿಂಗಳು?" ಅಂದರು. ನಾನು ಯೋಚನೆ ಮಾಡಿ "ಬಲಗೈಯಲ್ಲಿ ಆರು ಪ್ಲೇಟ್ ಹಿಡಿಯಲು ಕಲಿತೆ" ಅಂತ ಬರೆಸಿದೆ. ಅಮ್ಮ ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲಿ ಆ ಚೀಟಿ ಸಿಕ್ಕಿತು. ಉಳಿದವು ಇರಲಿಲ್ಲ, ಅದೊಂದೇ.

ತಿಂಡಿಪೋತಿ:

ಆರು ಪ್ಲೇಟಾ! ಗಾಂಧಿ ಬಜಾರ್‌ನ ವಿದ್ಯಾರ್ಥಿ ಭವನದಲ್ಲಿ ಕೈಯುದ್ದಕ್ಕೂ ದೋಸೆ ತಟ್ಟೆ ಜೋಡಿಸಿಕೊಂಡು ಬರುವುದನ್ನು ಎಲ್ಲರೂ ಮೊಬೈಲ್‌ನಲ್ಲಿ ವಿಡಿಯೋ ಮಾಡುತ್ತಾರೆ. ನಾನೂ ಮಾಡಿದ್ದೇನೆ. ಆ ಕೈಗೆ ಸಂಜೆ ಹೊತ್ತಿಗೆ ಏನಾಗುತ್ತದೆ ಅಂತ ಒಂದು ದಿನವೂ ಯೋಚನೆ ಬಂದಿರಲಿಲ್ಲ.

ಮಾಜಿಮಾಣಿ:

ಮೊಣಕೈ ಅಲ್ಲ, ಹೆಗಲು ಹಿಡಿಯುತ್ತದೆ. ಅದಕ್ಕಿಂತ ಕಾಲು. ಅದಕ್ಕೇ ವಾರಕ್ಕೊಂದು ದಿನ ಬಾಗಿಲು ಹಾಕುವ ಹಳೇ ಹೋಟೆಲ್‌ಗಳನ್ನು ಕಂಡರೆ ನನಗೆ ಗೌರವ. ನೀವು ಹೇಳಿದ ಹೋಟೆಲ್‌ಗೆ ಶುಕ್ರವಾರ ರಜೆ. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ. ದೂರದಿಂದ ಬಂದು ಬಾಗಿಲು ಹಾಕಿದ್ದು ನೋಡಿ ಬೈದುಕೊಳ್ಳುವವರನ್ನು ನೋಡಿದ್ದೇನೆ. ಬೈಯಬೇಡಿ ಮಾರಾಯ್ರೆ, ಅವತ್ತು ಎಲ್ಲರೂ ಒಟ್ಟಿಗೆ ಮಲಗುತ್ತಾರೆ.

ಲೆಕ್ಕಾಚಾರ:

ಎಲ್ಲ ಸರಿ, ಕಣ್ಣಲ್ಲಿ ನೀರು ಬಂತು, ಒಪ್ಪಿದೆ. ಆದರೆ "ಊಟ ಆಯ್ತಾ" ಅಂತ ಕೇಳಿದರೆ ಅವರ ಮಗುವಿನ ಸ್ಕೂಲ್ ಫೀಸ್ ಕಟ್ಟಿದ ಹಾಗೆ ಆಗುತ್ತಾ? ಹೋಟೆಲ್ ಮಾಲೀಕರು ಸರಿಯಾದ ಸಂಬಳ ಕೊಡಲಿ, ಆಮೇಲೆ ಒಳ್ಳೆತನದ ಮಾತು. ಹೋದ ವರ್ಷ ಒಂದು ದೊಡ್ಡ ರೆಸ್ಟೋರೆಂಟ್‌ನಲ್ಲಿ ಬಿಲ್‌ಗೆ ಕೇಳದೆಯೇ ಹತ್ತು ಪರ್ಸೆಂಟ್ ಸರ್ವಿಸ್ ಚಾರ್ಜ್ ಸೇರಿಸಿದ್ದರು. ಇದು ನಿಮಗೆ ಬರುತ್ತಾ ಅಂತ ಸಪ್ಲೈಯರ್‌ನನ್ನು ಮೆಲ್ಲಗೆ ಕೇಳಿದರೆ ಆತ ಮ್ಯಾನೇಜರ್ ಕಡೆ ನೋಡಿ ಸುಮ್ನೆ ನಕ್ಕ.

ಗೊತ್ತಿಲ್ಲದವರಿಗೆ: 2022ರ ಜುಲೈನಲ್ಲೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ಬಿಲ್‌ಗೆ ತಾನಾಗಿಯೇ ಸರ್ವಿಸ್ ಚಾರ್ಜ್ ಸೇರಿಸುವಂತಿಲ್ಲ ಅಂತ ಮಾರ್ಗಸೂಚಿ ತಂದಿದೆ. ಹೋಟೆಲ್ ಸಂಘಗಳು ಕೋರ್ಟಿಗೆ ಹೋದವು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ತೆಗೆಯಿರಿ ಅಂತ ಕೇಳಬಹುದು. ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಜಿಎಸ್‌ಟಿ ಬೇರೆ, ಅದನ್ನು ಕಟ್ಟಲೇಬೇಕು, ಎರಡನ್ನೂ ಕಲಸಬೇಡಿ.

ಎರಡನೇಪಾಳಿ:

ನಾನು ಈಗಲೂ ಸಪ್ಲೈಯರ್. ಲೆಕ್ಕಾಚಾರ ಅವರು ಹೇಳಿದ್ದು ಅರ್ಧ ನಿಜ. ಸಂಬಳದ ಮಾತು ನಿಜ. ಆದರೆ ಸಂಬಳ ಬೇರೆ, ಮರ್ಯಾದೆ ಬೇರೆ, ನಮಗೆ ಎರಡೂ ಬೇಕು.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಮೊದಲು ಬಿಲ್ 84 ಆದರೆ ನೂರು ಇಡುತ್ತಿದ್ದರು, ಸೋಂಪಿನ ತಟ್ಟೆಯಲ್ಲಿ ಚಿಲ್ಲರೆ ವಾಪಸ್ ತರುತ್ತಿದ್ದೆವು, ಅದರಲ್ಲಿ ಐದೋ ಹತ್ತೋ ಬಿಟ್ಟು ಏಳುತ್ತಿದ್ದರು. ಕೊಡಬೇಕು ಅಂತ ಯಾರೂ ತೀರ್ಮಾನ ಮಾಡಿ ಕೊಟ್ಟಿದ್ದಲ್ಲ, ಚಿಲ್ಲರೆ ಇತ್ತು ಬಿಟ್ಟರು. ಈಗ ಎಲ್ಲ ಸ್ಕ್ಯಾನ್. 84 ಅಂದರೆ 84, ಸೀದಾ ಗಲ್ಲಾಕ್ಕೆ. ಯಾರದ್ದೂ ತಪ್ಪಲ್ಲ. ತಟ್ಟೆ ಮಾತ್ರ ಖಾಲಿ. ಜೇಬಿನಲ್ಲಿ ಹತ್ತರ ಒಂದೆರಡು ನೋಟು ಇಟ್ಟುಕೊಂಡು ಬಂದರೆ ನಮಗೆ ದೊಡ್ಡದೇ. ಕ್ಲೀನರ್ ಹುಡುಗನಿಗೂ ಅದರಲ್ಲಿ ಪಾಲು ಕೊಡುತ್ತೇವೆ, ನಮ್ಮಲ್ಲಿ ಹಾಗೆ.

ಹಣ ಇಲ್ಲದಿದ್ದರೆ ಬೇಡ. ತಟ್ಟೆಯಲ್ಲೇ ಕೈ ತೊಳೆಯಬೇಡಿ. ಟಿಶ್ಯೂ ಪೇಪರ್ ಉಂಡೆ ಮಾಡಿ ನೀರಿನ ಲೋಟಕ್ಕೆ ಹಾಕಬೇಡಿ, ಅದನ್ನು ಬೆರಳು ಹಾಕಿ ತೆಗೆಯುವವರು ನಾವು. ಮತ್ತೆ ಆ "ಶ್ ಶ್" ಅನ್ನುವುದು. ಅದು ಬೆಕ್ಕಿಗೆ. ಅಣ್ಣ ಅನ್ನಿ, ಗುರು ಅನ್ನಿ, ಏನಾದರೂ ಅನ್ನಿ.

ಕೆರೆದಂಡೆ:

ಬೆರಳಿನ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಸಾಮಾನ್ಯವಾಗಿ ಇಂಥ ಕಡೆ ನಾನು ಓದಿ ಸುಮ್ಮನಾಗುವವನು.

ನಮ್ಮೂರ ಹೋಟೆಲ್‌ನಲ್ಲಿ ನಮ್ಮ ಕೇರಿಯವರಿಗೆ ಬೇರೆ ಲೋಟ. ಗೋಡೆಯ ಗೂಡಿನಲ್ಲಿ ಇರುತ್ತಿತ್ತು. ನಾವೇ ತಗೊಂಡು ಹೊರಗೆ ನಿಲ್ಲಬೇಕು, ಅವರು ಮೇಲಿಂದ ಟೀ ಹೊಯ್ಯುತ್ತಿದ್ದರು, ಕುಡಿದು ನಾವೇ ತೊಳೆದಿಡಬೇಕು. ನಾನು ಹೇಳುತ್ತಿರುವುದು ತಾತನ ಕಾಲದ ಕಥೆ ಅಲ್ಲ, ನಾನೇ ಆ ಲೋಟದಲ್ಲಿ ಕುಡಿದಿದ್ದೇನೆ.

ಪಿಯುಸಿಗೆ ಮೈಸೂರಿಗೆ ಬಂದೆ, ಹಾಸ್ಟೆಲ್. ಮೊದಲ ಭಾನುವಾರ ಗೆಳೆಯರ ಜೊತೆ ಹೋಟೆಲ್‌ಗೆ ಹೋದೆ. ಒಳಗೆ ಕೂರಬಹುದೋ ಇಲ್ಲವೋ ಅಂತ ಕುರ್ಚಿ ತುದಿಯಲ್ಲಿ ಕೂತಿದ್ದೆ. ಸಪ್ಲೈಯರ್ ನಾಲ್ಕು ಲೋಟ ನೀರು ತಂದ. ಹೇಗೆ ತರುತ್ತಾರೆ ಗೊತ್ತಲ್ಲ, ನಾಲ್ಕಕ್ಕೂ ಒಂದೊಂದು ಬೆರಳು ಒಳಗೆ ಅದ್ದಿ, ಒಂದೇ ಕೈಯಲ್ಲಿ. ನನ್ನ ಗೆಳೆಯ ಥೂ ಅಂದ, ಬೇರೆ ನೀರು ತನ್ನಿ ಅಂತ ಗಲಾಟೆ ಮಾಡಿದ. ಎಲ್ಲರೂ ಬೈಯುವ ಬೆರಳು ಅದು, ಬೈಯಬೇಕಾದ್ದೇ. ಆದರೆ ನನ್ನ ಲೋಟದಲ್ಲೂ ಅವನ ಬೆರಳು ಇತ್ತು. ನಾಲ್ಕೂ ಒಂದೇ ಥರದ ಲೋಟ, ಯಾವುದು ಯಾರಿಗೆ ಅಂತ ಅವನು ನೋಡಲೂ ಇಲ್ಲ. ನಾನು ಆ ನೀರು ಪೂರ್ತಿ ಕುಡಿದೆ. ಅವನಿಗೆ ಇದ್ಯಾವುದೂ ಗೊತ್ತಿಲ್ಲ, ಅವನು ದಯೆ ತೋರಿಸಿದ್ದೂ ಅಲ್ಲ. ಅವನಿಗೆ ಅರ್ಜೆಂಟ್ ಇತ್ತು ಅಷ್ಟೇ. ಆದರೂ ಈ ಚರ್ಚೆಯಲ್ಲಿ ಅದಕ್ಕೆ ಜಾಗ ಇದೆ ಅನ್ನಿಸಿತು.

ಅರ್ಧಲೋಟ:

ಕೆರೆದಂಡೆ ಸರ್, ಬರೆದಿದ್ದಕ್ಕೆ ಥ್ಯಾಂಕ್ಸ್. ಬೇರೆ ಏನು ಹೇಳಲಿ ಗೊತ್ತಾಗುತ್ತಿಲ್ಲ.

ಮುಂಬೈಕನ್ನಡತಿ:

ಮಾಜಿಮಾಣಿ ಅವರ ಏಳನೇ ಕ್ಲಾಸ್ ಕಥೆ ಓದಿ ನಮ್ಮ ದೊಡ್ಡಪ್ಪ ನೆನಪಾದರು. ಅವರೂ ಉಡುಪಿ ಕಡೆಯಿಂದ ಚಿಕ್ಕ ಹುಡುಗನಾಗಿ ಮುಂಬೈಗೆ ಬಂದವರು. ಹಗಲು ಫೋರ್ಟ್‌ನಲ್ಲಿ ಹೋಟೆಲ್ ಕೆಲಸ, ರಾತ್ರಿ ಕನ್ನಡ ರಾತ್ರಿ ಶಾಲೆ. ಮುಂಬೈಯಲ್ಲಿ ಆ ರಾತ್ರಿ ಶಾಲೆಗಳು ಇರದಿದ್ದರೆ ನಮ್ಮ ಕಡೆಯ ಎಷ್ಟು ಜನ ಓದುತ್ತಿದ್ದರೋ ದೇವರೇ ಬಲ್ಲ. ಅವರ ಹೋಟೆಲ್‌ಗೆ ಬರುವ ಆಫೀಸ್‌ನವರಿಗೆ, ಗುಜರಾತಿಗಳು, ಪಾರ್ಸಿಗಳು, ಮರಾಠಿಗಳು, ಎಲ್ಲರಿಗೂ ಹುಡುಗನಿಗೆ ಸ್ಕೂಲ್ ಇದೆ ಅಂತ ಗೊತ್ತಿತ್ತಂತೆ. ಆರು ಗಂಟೆ ಆದರೆ ಯಾರಾದರೂ ಒಬ್ಬರು ಗಡಿಯಾರ ತೋರಿಸಿ, ಗಲ್ಲಾದಲ್ಲಿ ಕೂತ ಶೆಟ್ಟರಿಗೆ ಕೇಳುವ ಹಾಗೆ "ಸ್ಕೂಲ್ ಕಾ ಟೈಮ್ ಹೋ ಗಯಾ" ಅಂತ ಕೂಗುತ್ತಿದ್ದರು. ಗಿರಾಕಿಯೇ ಹೇಳಿದ ಮೇಲೆ ಶೆಟ್ಟರು ಏನು ಮಾಡುತ್ತಾರೆ, ಬಿಡಲೇಬೇಕು. ದೊಡ್ಡಪ್ಪ ಮೆಟ್ರಿಕ್ ಪಾಸಾದಾಗ ಅವರಿಗೆಲ್ಲ ಶಿರಾ ಹಂಚಿದ್ದನ್ನು ಈಗಲೂ ಹೇಳುತ್ತಾರೆ, ಪ್ರತಿ ಸಲ ಶಿರಾಕ್ಕೆ ತುಪ್ಪ ಜಾಸ್ತಿಯಾಗುತ್ತಾ ಹೋಗುತ್ತದೆ.

ಟೋಕನ್ನಂಬರ್:

ನೀವೆಲ್ಲ ಕೂತು ತಿನ್ನುವವರು. ನಾನು ದರ್ಶಿನಿಯಲ್ಲಿ ನಿಂತು ತಿನ್ನುವವಳು. 1983ರಲ್ಲಿ ಜಯನಗರದಲ್ಲಿ ಮೊದಲ ದರ್ಶಿನಿ ಶುರುವಾದಾಗ ಸಪ್ಲೈಯರ್ ಅನ್ನುವವರನ್ನೇ ತೆಗೆದುಹಾಕಿದ್ದರು, ಅದರಿಂದಲೇ ರೇಟೂ ಇಳಿಯಿತು, ಅದಕ್ಕೇ ನಮ್ಮಂಥವರು ಬದುಕಿದೆವು. ಟೋಕನ್ ತಗೋ, ಕೊಡು, ತಿನ್ನು, ಹೊರಡು. ಇಲ್ಲಿ ಯಾರು ಯಾರನ್ನು ಗಮನಿಸುತ್ತಾರೆ ಅಂತೀರಾ?

ನಾನಿರುವುದು ಪಿಜಿಯಲ್ಲಿ. ಎರಡು ವರ್ಷದಿಂದ ಬೆಳಗ್ಗೆ ಒಂದೇ ದರ್ಶಿನಿ, ಒಂದೇ ಕಾಫಿ. ಕಾಫಿ ಹಾಕುವವರು ನನ್ನನ್ನು ದೂರದಿಂದ ನೋಡಿದ ತಕ್ಷಣ ಸಕ್ಕರೆ ಹಾಕದೆ ಡಿಕಾಕ್ಷನ್ ಹೊಯ್ಯುತ್ತಾರೆ. ಒಂದು ಸಲ ಡೆಂಗಿ ಬಂದು ಒಂಬತ್ತು ದಿನ ಮಲಗಿದ್ದೆ. ಹತ್ತನೇ ದಿನ ಹೋದಾಗ ಅವರು ಹಾಲಿನ ಪಾತ್ರೆ ಕೆಳಗಿಟ್ಟು "ಎಲ್ಲಿ ಹೋಗಿದ್ರಿ ಮೇಡಂ? ಊರಿಗಾ? ಇಳಿದುಹೋಗಿದೀರ" ಅಂದರು. ಆಫೀಸ್‌ನಲ್ಲಿ ನಾನು ರಜೆ ಹಾಕಿದ್ದು ಸಾಫ್ಟ್‌ವೇರ್‌ಗೆ ಗೊತ್ತಿತ್ತು. ರೂಮ್‌ಮೇಟ್ ಊರಿಗೆ ಹೋಗಿದ್ದಳು. ಈ ಇಡೀ ಊರಲ್ಲಿ ನಾನು ಕಾಣಿಸುತ್ತಿಲ್ಲ ಅಂತ ಲೆಕ್ಕ ಇಟ್ಟವರು ಅವರೊಬ್ಬರೇ. ಅವತ್ತು ಕಾಫಿಗೆ ಸಕ್ಕರೆ ಹಾಕಿಬಿಟ್ಟಿದ್ದರು, "ನಿಶ್ಶಕ್ತಿ ಇರತ್ತೆ, ಇವತ್ತೊಂದಿನ ಕುಡೀರಿ" ಅಂತ. ಪಾಯಸದ ಥರ ಇತ್ತು. ಕುಡಿದೆ.

ಗಡಿನಾಡಕಿಡಿ:

ಇದೆಲ್ಲ ಹಳೇ ಕಾಲದ ಮಾತು. ಈಗ ಹೋಟೆಲ್‌ಗೆ ಹೋದರೆ ಸಪ್ಲೈಯರ್‌ಗೆ ಕನ್ನಡವೇ ಬರಲ್ಲ. "ಊಟ ಆಯ್ತಾ" ಅಂತ ಕೇಳಿದರೆ ಊಟ ತಂದಿಡುತ್ತಾರೆ. ಮೊದಲು ಕನ್ನಡ ಕಲಿಯಲಿ, ಆಮೇಲೆ ಅಣ್ಣ ತಮ್ಮ.

ರಿಟೈರ್ಡ್‌ಮೇಷ್ಟ್ರು:

ಊಟ ತಂದಿಡುತ್ತಾರೆ ಅನ್ನುವುದಕ್ಕೆ ನಕ್ಕೆ. ಆದರೆ ಕಲಿಯಲಿ ಅಂದರೆ ಯಾರು ಕಲಿಸಬೇಕು ಸ್ವಾಮಿ? ದಿನಕ್ಕೆ ಹತ್ತು ಗಂಟೆ ಅವರ ಕಿವಿಗೆ ಬೀಳುವ ಕನ್ನಡ ನಮ್ಮದೇ.

ನಮ್ಮ ಬೀದಿ ಹೋಟೆಲ್‌ಗೆ ಒಡಿಶಾದ ಹುಡುಗ ಬಂದ, ಇಪ್ಪತ್ತು ವರ್ಷ ಇರಬಹುದು. ಸಾಂಬಾರ್ ಬಕೆಟ್ ಅವನ ಕೈಗೆ. ಹೋದಲ್ಲೆಲ್ಲ ಜನ "ಸಾಕು, ಸಾಕು" ಅಂತಿದ್ದರು. ಅವನು ಅದನ್ನೇ ಸಾಂಬಾರಿನ ಹೆಸರು ಅಂದುಕೊಂಡ. ಒಂದು ಮಧ್ಯಾಹ್ನ ಬಕೆಟ್ ಬರಿದಾದಾಗ ಅಡುಗೆಮನೆ ಕಡೆ ತಿರುಗಿ ಜೋರಾಗಿ "ಭಟ್ರೇ, ಸಾಕು ಖಾಲಿ!" ಅಂದ. ಇಡೀ ಹೋಟೆಲ್ ನಕ್ಕಿತು. ಅವನ ಮುಖ ಸಣ್ಣದಾಯಿತು. ನಾನು ಕರೆದು ಕೂರಿಸಿ ಸಾಕು ಅಂದರೇನು, ಬೇಕು ಅಂದರೇನು ಅಂತ ಹೇಳಿಕೊಟ್ಟೆ. ಅವತ್ತಿಂದ ದಿನಾ ಒಂದು ಪದ. ನನ್ನ ಫೀಸು ಒಂದು ಚಮಚ ಚಟ್ನಿ ಜಾಸ್ತಿ. ಈಗ ಅವನು ನನ್ನ ಜೊತೆ ಚೌಕಾಸಿ ಮಾಡುತ್ತಾನೆ: "ಮೇಷ್ಟ್ರೇ, ಇವತ್ತು ಎರಡು ಪದ, ಚಟ್ನಿ ಒಂದೇ."

ಗಡಿನಾಡಕಿಡಿ:

ಮೇಷ್ಟ್ರೇ, ಈ ಒಂದು ಸಲ ಸೋತೆ ಅಂತ ಇಟ್ಕೊಳ್ಳಿ. ಆದರೆ ಮೆನು ಕನ್ನಡದಲ್ಲಿ ಇರಲೇಬೇಕು ಅನ್ನುವುದರಿಂದ ನಾನು ಹಿಂದೆ ಸರಿಯಲ್ಲ.

ರಿಟೈರ್ಡ್‌ಮೇಷ್ಟ್ರು:

ಅದಕ್ಕೆ ನಾನೂ ನಿಮ್ಮ ಜೊತೆ.

ರಾತ್ರಿಬಸ್ಸು:

ಹೆದ್ದಾರಿ ಹೋಟೆಲ್‌ಗಳ ಬಗ್ಗೆ ಒಳ್ಳೇ ಮಾತು ಹೇಳುವವರು ಕಮ್ಮಿ, ನಾನೂ ಜಾಸ್ತಿ ಹೇಳಲ್ಲ. ಆದರೆ ಒಂದು ರಾತ್ರಿ ಹಾವೇರಿ ಹತ್ತಿರ ಬಸ್ ಹದಿನೈದು ನಿಮಿಷ ನಿಲ್ಲಿಸಿದ್ದರು, ಕೈಯಲ್ಲಿ ಏಳು ತಿಂಗಳ ಮಗು. ಬಿಸಿನೀರು ಕೇಳಿದೆ. ಆತ ಫ್ಲಾಸ್ಕ್ ತಗೊಂಡು ಒಳಗೆ ಹೋಗಿ, ಕುದಿಯೋ ನೀರಲ್ಲಿ ಎರಡು ಸಲ ತೊಳೆದು ತುಂಬಿಸಿ, ಬಸ್ ಹಾರ್ನ್ ಹೊಡೆದಾಗ ಓಡಿ ಬಂದು ಕಿಟಕಿಯಲ್ಲಿ ಕೊಟ್ಟ. ದುಡ್ಡು ಕೇಳಲಿಲ್ಲ, ಕೊಡುವಷ್ಟು ಟೈಮೂ ಇರಲಿಲ್ಲ.

ಲೆಕ್ಕಾಚಾರ:

ಸರಿ, ನಾನೂ ಒಂದು ಹೇಳುತ್ತೇನೆ, ಇಲ್ಲದಿದ್ದರೆ ನನ್ನನ್ನು ಬರೀ ಜಿಎಸ್‌ಟಿ ಮನುಷ್ಯ ಅಂದುಕೊಳ್ಳುತ್ತೀರಿ. ಎರಡನೇಪಾಳಿ ಬರೆದಿದ್ದು ಓದಿದ ಮೇಲೆ ಎಟಿಎಂನಿಂದ ಐನೂರು ತೆಗೆದು ಪೆಟ್ಟಿ ಅಂಗಡಿಯಲ್ಲಿ ಹತ್ತು, ಇಪ್ಪತ್ತರ ನೋಟು ಮಾಡಿಸಲು ಹೋದೆ. ಅಂಗಡಿಯವನು "ಚಿಲ್ಲರೆ ಇಲ್ಲ ಸರ್, ಸ್ಕ್ಯಾನ್ ಮಾಡಿ" ಅಂದ.

ಎರಡನೇಪಾಳಿ:

ನಮ್ಮ ಹೋಟೆಲ್‌ಗೆ ಬನ್ನಿ ಸರ್, ಗಲ್ಲಾದಲ್ಲಿ ಮಾಡಿಸಿಕೊಡುತ್ತೇನೆ. 😄

ಅರ್ಧಲೋಟ:

ಒಂದು ಅಪ್‌ಡೇಟ್. ಎಲ್ಲ ಕಾಮೆಂಟನ್ನೂ ಅಪ್ಪನಿಗೆ ಓದಿ ಹೇಳಿದೆ. ಮನಿಯಾರ್ಡರ್ ಕಥೆಯನ್ನು ಎರಡು ಸಲ ಓದಿಸಿಕೊಂಡರು. ನಿನ್ನೆ ಬುಧವಾರ ಮತ್ತೆ ಹೋಟೆಲ್‌ಗೆ ಹೋದೆವು. ಮಾಜಿಮಾಣಿ ಅವರ ಬ್ಯಾಂಕ್‌ನವರ ಹಾಗೆ "ಊಟ ಆಯ್ತಾ" ಅಂತ ಕೇಳಬೇಕು ಅಂತ ದಾರಿಯುದ್ದಕ್ಕೂ ಅಂದುಕೊಂಡು ಹೋದೆ, ಸಮಯ ಕೂಡ ಮೂರೂವರೆಗೇ ಹೊಂದಿಸಿದ್ದೆ.

ಅವರು ಇರಲಿಲ್ಲ. ಬೇರೆ ಯಾರೋ ಹುಡುಗ ತುಂಬಿ ತುಳುಕುವ ಕಾಫಿ ತಂದಿಟ್ಟ. ನಾನು ಬಾಯಿ ತೆಗೆಯುವಷ್ಟರಲ್ಲಿ ಅಪ್ಪ ಲೋಟ ಎತ್ತಿದರು, ಅರ್ಧ ಕಾಫಿ ಟೇಬಲ್ ಮೇಲೆ. ನನಗೆ ಎದೆ ಧಸಕ್ ಅಂತು, ಇನ್ನು ಇವರು ಬರುವುದೇ ಇಲ್ಲ ಅಂದುಕೊಂಡೆ. ಅಪ್ಪ ಹುಡುಗನನ್ನು ನೋಡಿ "ಅವರಿಗೆ ಬುಧವಾರ ರಜೆನಾ?" ಅಂತ ಕೇಳಿದರು. ಹೌದು ಸರ್ ಅಂದ. "ಹಾಗಾದ್ರೆ ನಿನಗೆ ನಾನೇ ಹೇಳ್ಕೊಡ್ತೀನಿ, ದೊಡ್ಡ ಲೋಟ ತಗೊಂಬಾ" ಅಂದರು. ಎರಡು ವರ್ಷದಲ್ಲಿ ಅಪ್ಪ ತಮ್ಮ ಕೈಯ ವಿಷಯ ಹೊರಗಿನವರ ಹತ್ತಿರ ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು.

ಮನೆಗೆ ಬಂದು ಕ್ಯಾಲೆಂಡರ್‌ನಲ್ಲಿ ಈ ತಿಂಗಳ ಬುಧವಾರಗಳಿಗೆಲ್ಲ ಗುರುತು ಹಾಕಿದ್ದಾರೆ. ಗೀಟು ಡೊಂಕಾಗಿದೆ. ಯಾಕಪ್ಪಾ, ಬುಧವಾರ ಹೋಗಬಾರದು ಅಂತಲಾ ಅಂದೆ. "ಇಲ್ಲ, ಆ ಹುಡುಗ ಕಲ್ತನಾ ನೋಡ್ಬೇಕು" ಅಂದರು.